ಬಾಯಿ ಹೊಲಿದ ಪಟ್ಟಿ

ಹುಲಿಗೆಮ್ಮನ ಕೂಸು ಹೊಟ್ಟೆಯೊಳಗೇ ಸತ್ತಿತು. ಆ ಹೊತ್ತಿನಲ್ಲಿ ಹುಲಿಗೆಮ್ಮ ಕೆಂಗಲ್ಲೂರು ಜಿಲ್ಲಾ ಆಸ್ಪತ್ರೆಯ ಒಳಗೇ ಇದ್ದಳು, ಹೆರಿಗೆ ವಾರ್ಡಿನ ಗಾಜಿನ ಬಾಗಿಲ ಮುಂದೆ, ಬೆಂಚಿನ ಮೇಲೆ. ಹೊಟ್ಟೆಗೆ ಕಟ್ಟಿದ್ದ ಪಟ್ಟಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು. ಹಳದಿ ಅಂದರೆ ತಾಳು. ಅದು ಹಸಿರಾಗಿ ಬಾಗಿಲು ತೆರೆದಾಗ ಮಧ್ಯಾಹ್ನ ಕಳೆದಿತ್ತು. ಕೂಸು ಅದಕ್ಕೂ ಮುಂಚೆಯೇ ಹೋಗಿತ್ತು. ಆಸ್ಪತ್ರೆಯವರು 'ಸರದಿಯಂತೆ ಹೆರಿಗೆ' ಎಂದು ದಾಖಲು ಮಾಡಿಕೊಂಡರು.

ಪಟ್ಟಿಯ ಸರಕಾರಿ ಹೆಸರು 'ಸುಗಮ'. ಬಸುರಿಗೆ ಒಂಬತ್ತು ತಿಂಗಳು ತುಂಬುತ್ತ ಬಂದಾಗ ಅದನ್ನು ಕಟ್ಟುತ್ತಾರೆ. ಹೆರುವವರೆಗೂ ಬಿಚ್ಚುವಂತಿಲ್ಲ. ಗರ್ಭಕೋಶ ಹಿಂಡಿಕೊಳ್ಳುವ ಮೊದಲು ಅದರ ಮೈಯಲ್ಲಿ ಸಣ್ಣದೊಂದು ವಿದ್ಯುತ್ತು ಹರಿಯುತ್ತದೆ. ಪಟ್ಟಿಯೊಳಗೆ ನೇಯ್ದ ಲೋಹದ ಎಳೆಗಳು ಅದನ್ನು ಚರ್ಮದ ಮೇಲಿಂದಲೇ ಹಿಡಿದು, ಎದುರು ವಿದ್ಯುತ್ತು ಬಿಟ್ಟು ಅಡಗಿಸುತ್ತವೆ. ಎದ್ದ ಬ್ಯಾನಿ, ಆ ಹೆರಿಗೆ ನೋವು, ಎದ್ದಲ್ಲೇ ಇಂಗುತ್ತದೆ. ಒಳಗೆ ಹಾಸಿಗೆ ಖಾಲಿಯಾದಾಗ ಮೇಲಿನ ಕೋಣೆಯಿಂದ ಬಿಡುಗಡೆ ಕೊಡುತ್ತಾರೆ, ದೀಪ ಹಸಿರಾಗುತ್ತದೆ, ವಾರ್ಡಿನ ಬಾಗಿಲು ಆ ಹಸಿರನ್ನು ಗುರುತು ಹಿಡಿದು ತಾನೇ ಪಕ್ಕಕ್ಕೆ ಸರಿಯುತ್ತದೆ. ಹಸಿರಿಲ್ಲದ ಹೊಟ್ಟೆಗೆ ಆ ಬಾಗಿಲು ಗೋಡೆ.

ಇಡೀ ಜಿಲ್ಲೆಗೆ ಒಂದೇ ಹೆರಿಗೆ ವಾರ್ಡು. ಎರಡನೆಯದನ್ನು ಕಟ್ಟುವುದರ ಬದಲು ಬಸುರಿಯರನ್ನೇ ಕಟ್ಟಿಹಾಕಿದ್ದರು.

ಆ ಪಟ್ಟಿಗಳನ್ನು ಹೊಲಿಯುತ್ತಿದ್ದವರೂ ಹೆಂಗಸರೇ. ಊರ ಹೊರಗಿನ ಜೀನ್ಸ್ ಕಾರ್ಖಾನೆಗೆ ಆ ಕೆಲಸ ಬಂದಿತ್ತು. ಅಲ್ಲಿ ಎಲ್ಲರ ಬೆರಳೂ ನೀಲಿ. ಬಣ್ಣ ಉಗುರಿನ ಸಂದಿಗೆ ಇಳಿದಿರುತ್ತದೆ, ಮದುವೆಯ ಅರಿಷಿಣವೂ ಅದನ್ನು ತೆಗೆಯುವುದಿಲ್ಲ. ಅಲ್ಲಿನ ರೀತಿಯೇ ಹಾಗೆ: ಒಬ್ಬಳು ಜೇಬು ಹಚ್ಚುತ್ತಾಳೆ, ಒಬ್ಬಳು ಅಂಚು ಮಡಚುತ್ತಾಳೆ, ಒಬ್ಬಳು ಕಾಜಾ ಹಾಕುತ್ತಾಳೆ. ಪೂರ್ತಿ ಪ್ಯಾಂಟು ಹೊಲಿದವಳು ಯಾರೂ ಇಲ್ಲ. ಪಟ್ಟಿಯೂ ಹಾಗೆಯೇ ತುಂಡು ತುಂಡಾಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಹುಲಿಗೆಮ್ಮ ಅಂಚು ಮಡಚುವವಳು. ಪಕ್ಕದ ಮಶೀನಿನ ಫಕೀರವ್ವ ಪಟ್ಟಿಯ ನಡುವೆ ಇದ್ದ ಒಂದು ಸೀಳಿನ ಬಾಯಿ ಮುಚ್ಚುವವಳು. ಆ ಸೀಳು ಯಾತರದು ಅಂತ ಅವಳು ಕೇಳಿರಲಿಲ್ಲ. "ಡಬಲ್ ಹೊಲಿಗಿ ಹಾಕು" ಅಂದಿದ್ದ ಮೇಸ್ತ್ರಿ. ಹಾಕಿದ್ದಳು.

ಬಾಣಂತನ ಮಾಡಲು ಕೂಸಿಲ್ಲದ ಹುಲಿಗೆಮ್ಮ ಬೇಗನೆ ಕೆಲಸಕ್ಕೆ ತಿರುಗಿ ಬಂದಳು.

"ಇಷ್ಟ ಲಗೂನ ಯಾಕ ಬಂದಿ ಬೇ?" ಫಕೀರವ್ವ ಕೇಳಿದಳು. ಅವಳದೂ ತುಂಬಿದ ಹೊಟ್ಟೆ. ಮಶೀನಿಗೂ ಅವಳಿಗೂ ನಡುವೆ ಕೈ ಚಾಚುವಷ್ಟು ದೂರ ಬೆಳೆದಿತ್ತು.

"ಮನ್ಯಾಗ ಕುಂತ್ರ ಎದಿಹಾಲು ಸೋರ್ತೈತಿ. ಇಲ್ಲಿ ಕುಂತ್ರೂ ಸೋರ್ತೈತಿ. ಇಲ್ಲೆ ಮಶೀನಿನ ಸಪ್ಪಳರ ಐತಿ."

ಊಟದ ಹೊತ್ತಿಗೆ ಹುಲಿಗೆಮ್ಮ ಬುತ್ತಿಯ ಚೀಲದಿಂದ ಒಂದು ಸುರುಳಿ ತೆಗೆದು ಫಕೀರವ್ವನ ತೊಡೆಯ ಮೇಲೆ ಇಟ್ಟಳು. ಅವಳ ಪಟ್ಟಿ. ಆಸ್ಪತ್ರೆಯವರು ಬೆನ್ನಿನ ಕಡೆಯಿಂದ ಕತ್ತರಿಸಿ ತೆಗೆದಿದ್ದರು.

"ಕಸದ ಡಬ್ಬಿಗೆ ಒಗದಿದ್ರು. ತಗೊಂಡು ಬಂದ್ನಿ. ನನ್ನ ಕೂಸಿನ್ನ ಕಟ್ಟಿ ಹಾಕಿದ್ದು, ಇದು ನಂದ ಅಲ್ಲೇನು?"

ಫಕೀರವ್ವ ಅದನ್ನು ತಿರುವಿದಳು. ಹೊಕ್ಕಳು ಬರುವ ಜಾಗದಲ್ಲಿ ತನ್ನ ಹೊಲಿಗೆ ಕಂಡಿತು. ಎಲ್ಲರೂ ಕೊನೆಯಲ್ಲಿ ನೆಟ್ಟಗೆ ಹಿಂದಕ್ಕೆ ಹೊಲಿದು ದಾರ ಕಡಿಯುತ್ತಾರೆ. ಅವಳದು ಸ್ವಲ್ಪ ಓರೆ, ಮೊದಲಿಂದಲೂ. ಆ ಓರೆಗೆ ಎಷ್ಟು ಸಲ ಬೈಸಿಕೊಂಡಿದ್ದಳೋ. ಅದರ ಸುತ್ತ ಬಟ್ಟೆ ಜುಂಗು ಎದ್ದಿತ್ತು, ಯಾರೋ ಕೆರೆದಂತೆ.

ಹೊಲಿಗೆ ಬಿಚ್ಚುವ ಕಡ್ಡಿ ಹಾಕಿ ಒಂದೊಂದೇ ಎಳೆ ಎಬ್ಬಿಸಿದಳು. ಬಾಯಿ ತೆರೆಯಿತು. ಒಳಗೆ ಕೆಂಪು ದಾರವೊಂದು ಮಡಚಿಕೊಂಡು ಕೂತಿತ್ತು. ತುದಿಗೆ ಹಿಡಿದು ಜಗ್ಗಲೆಂದೇ ಒಂದು ಉಂಗುರ. ಜಗ್ಗಿದಳು. ಒಳಗೆಲ್ಲೋ ಕಟ್ಟೆಂದು ಸದ್ದಾಯಿತು, ಬಿಗಿಯಾಗಿದ್ದ ಎಳೆಗಳೆಲ್ಲ ಒಮ್ಮೆಲೇ ಸಡಿಲಾದವು.

"ಮೊದಮೊದಲ ಬಂದ ಪಟ್ಟಿಯೊಳಗ ಈ ದಾರ ಹೊರಗ ಇರ್ತಿತ್ತಂತ," ಹುಲಿಗೆಮ್ಮ ಹೇಳಿದಳು. "ನಮ್ಮಕ್ಕ ಕಟ್ಟಿಸ್ಕೊಂಡಿದ್ಲು. ಭಾಳ ತ್ರಾಸಾದ್ರ ಹೊಕ್ಕಳದ ಕೆಳಗ ದಾರ ಐತಿ, ಜಗ್ಗು, ಪಟ್ಟಿ ಬಿಡ್ತೈತಿ, ಬಾಗಲಾನೂ ತಗೀತೈತಿ ಅಂತ ಹೇಳಿ ಕಳಿಸಿದ್ಲು. ಹುಡುಕಿದ್ನಿ. ಒಳಗ ದಾರ ಕೈಗೆ ಹತ್ತತಿತ್ತು, ಹೊರಗ ಬರವಲ್ದು. ಉಗುರು ಮುರದ್ವು." ಅವಳು ಬೆರಳು ತೋರಿಸಿದಳು. ನೀಲಿ ಉಗುರುಗಳಲ್ಲಿ ಎರಡು ಅರ್ಧಕ್ಕೆ ಇದ್ದವು. "ನಿನ್ನ ಹೊಲಿಗಿ ಭಾರಿ ಗಟ್ಟಿ ಬಿಡವಾ."

ಫಕೀರವ್ವ ಕೆಂಪು ದಾರವನ್ನು ಬೆರಳಿಗೆ ಸುತ್ತಿದಳು. "ನಾ ಅದನ್ನ ಲಂಗದ ಲಾಡಿ ಅನ್ಕೊಂಡಿದ್ನಿ" ಅಂದಳು.

"ನಾನೂ ಅಂಚು ಮಡಚೀನಲ್ಲ. ಅದನ್ನ ಬಿಡು. ಹೊಲಿ ಅಂದಾಂವ ಯಾರಂತ ಕೇಳು."

ಆ ಮಧ್ಯಾಹ್ನ ಫಕೀರವ್ವ ಒಂದು ಪಟ್ಟಿಯ ಬಾಯಿಯನ್ನೂ ಮುಚ್ಚಲಿಲ್ಲ. ಹಾಗೆಯೇ ಮುಂದಕ್ಕೆ ದಾಟಿಸಿದಳು. ತಪಾಸಣೆಯಲ್ಲಿ ಎಲ್ಲವೂ ತಿರುಗಿ ಬಂದವು. ಮೇಸ್ತ್ರಿ ಬೈಯಲೂ ಇಲ್ಲ. "ನೀ ಹೆಂಗೂ ರಜಾ ಹೋಗಾಕಿ" ಎಂದು ಅವಳ ಜಾಗಕ್ಕೆ ಇನ್ನೊಬ್ಬಳನ್ನು ತಂದು ಕೂರಿಸಿದ. ಆ ಹುಡುಗಿಯ ಹೊಲಿಗೆ ನೆಟ್ಟಗಿತ್ತು.

*

ಜಿಲ್ಲಾ ಆಸ್ಪತ್ರೆಯ ಮೇಲಂತಸ್ತಿನಲ್ಲಿ ಸರದಿ ಕೋಣೆ. ಒಳಗೆ ಎ.ಸಿ. ಹಾಕಿರುತ್ತಾರೆ, ಚಪ್ಪಲಿ ಹೊರಗೆ ಬಿಡಬೇಕು. ಒಂದು ಗೋಡೆ ಪೂರ್ತಿ ಪರದೆ. ಜಿಲ್ಲೆಯಲ್ಲಿ ಪಟ್ಟಿ ಕಟ್ಟಿದ ಪ್ರತಿ ಬಸುರಿಯೂ ಆ ಪರದೆಯ ಮೇಲೆ ಒಂದು ಮಣಿ. ಅಡುಗೆ ಮಾಡುವ ಮಣಿ, ಬಟ್ಟೆ ಒಗೆಯುವ ಮಣಿ, ಬಸ್ಸಿನಲ್ಲಿ ನಿಂತ ಮಣಿ. ಬ್ಯಾನಿ ಎದ್ದರೆ ಮಣಿ ಹಳದಿಯಾಗುತ್ತದೆ, ಅದರ ಕೆಳಗೆ ಪಟ್ಟಿ ಹಿಡಿದುಕೊಟ್ಟ ಕೂಸಿನ ನಾಡಿ ಓಡುತ್ತದೆ.

ಎಸ್ತರ್ ಸಿಸ್ಟರ್ ಅಲ್ಲಿ ಕೂರುತ್ತಿದ್ದಳು. ಮೊದಲು ಕೆಳಗಿನ ವಾರ್ಡಿನಲ್ಲಿ ವರ್ಷಗಟ್ಟಲೆ ಹೆರಿಗೆ ಮಾಡಿಸಿದವಳು. ಕೈ ಒದ್ದೆಯಾಗದ ಕೆಲಸ ಅಂತ ಈಗ ಎಲ್ಲರೂ ಅವಳ ಅದೃಷ್ಟಕ್ಕೆ ಕರುಬುತ್ತಿದ್ದರು. ಬಿಡುಗಡೆಯ ಗುಂಡಿ ಅವಳ ಮುಂದೆಯೇ ಇತ್ತು. ಆದರೆ ಅದು ಕೆಲಸ ಮಾಡಬೇಕಾದರೆ ಅಧೀಕ್ಷಕ ಡಾಕ್ಟರ್ ಹಂಚಿನಾಳರ ಹೆಬ್ಬೆಟ್ಟು ಬೇಕು.

ಹುಲಿಗೆಮ್ಮ ಬೆಂಚಿನ ಮೇಲಿದ್ದ ದಿನ ಎಸ್ತರ್ ಹಂಚಿನಾಳರನ್ನು ಕೇಳಿದ್ದಳು. "ಬಿಡೂಣೇನ್ರಿ ಸರ್? ಆಕಿ ಭಾಳ ಹೊತ್ತಿನಿಂದ ಹಳದಿ ಅದಾಳ."

"ಕೂಸಿನ ನಾಡಿ?"

"ಚೆನ್ನಾಗಿ ಓಡಾಕತ್ತೈತಿ."

"ಹಾಸಿಗಿ?"

"ಇಲ್ರಿ."

"ಮತ್ತೇನ್ ಕೇಳ್ತೀರಿ ಸಿಸ್ಟರ್?"

ಈಗ ಅವಳು ಆ ದಿನದ ನಾಡಿಯ ದಾಖಲೆಯನ್ನು ಪರದೆಯ ಮೇಲೆ ಮತ್ತೆ ಓಡಿಸಿ ಹಂಚಿನಾಳರನ್ನು ಕರೆದಿದ್ದಳು.

"ನೋಡ್ರಿ ಸರ್. ಇಲ್ಲಿಗೆ ಬಂದು ನಾಡಿ ಒಂದು ಕ್ಷಣ ತಪ್ಪೇತಿ. ಆಮ್ಯಾಲ ಮತ್ತ ಓಡೇತಿ, ಆದ್ರ ಈ ಓಟ ಬ್ಯಾರೆ. ಆಕಿ ಎದ್ದು ಬಾಗಲಾ ಬಡದಾಗ ಇದೂ ಜೋರಾಗೇತಿ. ಆಕಿ ಕುಂತಾಗ ಇದೂ ಇಳದೈತಿ." ಎಸ್ತರ್ ಕುರ್ಚಿ ತಿರುಗಿಸಿದಳು. "ಇದು ಕೂಸಿಂದಲ್ರಿ. ಆಕೀದು."

ಹಂಚಿನಾಳ ಪರದೆಯ ಹತ್ತಿರ ಬಂದು ಬಗ್ಗಿ ನೋಡಿದರು. ಅವರಿಗೆ ಅರ್ಥವಾಗಲು ಹೊತ್ತು ಬೇಕಾಗಿರಲಿಲ್ಲ. ಹೆದರಿದ ತಾಯಿಯ ನಾಡಿ ಕೂಸಿನ ನಾಡಿಯಷ್ಟೇ ಬಿರುಸಾಗಿ ಹೊಡೆಯುತ್ತದೆ. ಒಳಗೆ ಕೂಸಿನದು ನಿಂತಾಗ ಪಟ್ಟಿ ಹತ್ತಿರದಲ್ಲಿ ಸಿಕ್ಕ ಇನ್ನೊಂದನ್ನು ಹಿಡಿದಿತ್ತು. ಹುಲಿಗೆಮ್ಮ ಎಷ್ಟು ಹೆದರಿದಳೋ ಅವಳ ಕೂಸು ಅಷ್ಟು ಚೆನ್ನಾಗಿದೆ ಎಂದು ಮೇಲೆ ಹೇಳುತ್ತ ಕೂತಿತ್ತು.

"ಯಾರ ಮುಂದೂ ಹೇಳಬ್ಯಾಡ್ರಿ," ಅಂದರು.

"ಸರ್..."

"ಹೇಳಿದ್ರ ಪಟ್ಟಿ ಬಂದ್ ಆಗ್ತಾವ. ಆದ್ರ ನಾಳಿಗೆ ಆ ಬಾಗಲದಾಗ ಎಷ್ಟು ಮಂದಿ ಬಂದು ಬೀಳ್ತಾರ ನೆನಸ್ರಿ. ನೀವೂ ಆ ವಾರ್ಡಿನಾಗ ದುಡದೀರಿ, ಮರತೀರೇನು? ಒಂದ ಹಾಸಿಗಿಗೆ ಇಬ್ರು. ನೆಲದ ಮ್ಯಾಲ ಮತ್ತಿಷ್ಟು. ನಾ ಏನು ಪಟ್ಟಿ ಕೇಳಿದ್ನೇನು? ಇನ್ನೊಂದು ವಾರ್ಡ್ ಕೇಳಿದ್ನಿ. ವರ್ಷಾ ವರ್ಷಾ ಕೇಳೀನಿ."

"ಈ ವರ್ಷ ಏನಂದ್ರು?"

ಹಂಚಿನಾಳ ಕನ್ನಡಕ ತೆಗೆದು ಒರೆಸಿದರು. "ನಿಮ್ಮಲ್ಲಿ ಕೊರತೆ ಕಾಣುತ್ತಿಲ್ಲ ಅಂದ್ರು. ನೆಲದ ಮ್ಯಾಲ ಯಾರೂ ಇಲ್ಲಲ್ಲ. ಒಂದು ಹಾಸಿಗಿಗೆ ಒಬ್ಬಾಕಿ. ಫೋಟೋದಾಗ ಭಾಳ ಚಂದ ಕಾಣ್ತೈತಂತ."

ಇದೇ ಈ ಯಂತ್ರದ ನಿಜವಾದ ಕೆಲಸ. ಬ್ಯಾನಿಯನ್ನು ತಡೆಯುವುದು ಅದರ ಕಾಲು ಭಾಗ. ಉಳಿದದ್ದೆಲ್ಲ, ಆ ಬ್ಯಾನಿ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುವುದು. ಹಳದಿ ದೀಪದ ಹೆಂಗಸರು ತಂತಮ್ಮ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗಾಜಿನ ಬಾಗಿಲ ಈಚೆ ಹಲ್ಲು ಕಚ್ಚಿಕೊಂಡು ಕೂತಿರುವಷ್ಟು ದಿನ ಒಳಗಿನ ನೆಲ ಖಾಲಿ ಇರುತ್ತದೆ. ನೆಲ ಖಾಲಿ ಇರುವಷ್ಟು ದಿನ ಯಾರೂ ಇನ್ನೊಂದು ಇಟ್ಟಿಗೆ ಇಡುವುದಿಲ್ಲ.

"ನಾಡಿದ್ದು ಉಡಿ ತುಂಬೂ ಕಾರ್ಯಕ್ರಮ ಐತಿ," ಹಂಚಿನಾಳ ಬಾಗಿಲ ಹತ್ತಿರ ನಿಂತು ಹೇಳಿದರು. "ಪಟ್ಟಿ ನೀವ ಕಟ್ಟಬೇಕು. ನಿಮ್ಮ ಕೈ ಹಗರ ಅಂತ ಹೆಂಗಸ್ರು ನಿಮ್ಮನ್ನ ನಂಬ್ತಾರ."

*

"ಏ ಏ, ಏಳು! ಹೊಸ್ತಲ ಮ್ಯಾಲ ಕುಂತೀಯಲ್ಲ!"

ಗಾಳಿ ಬರಲಿ ಅಂತ ಫಕೀರವ್ವ ಬಾಗಿಲಲ್ಲಿ ಕೂತು ಕುಂಚಿಗೆ ಹೊಲಿಯುತ್ತಿದ್ದಳು. ಹುಟ್ಟುವ ಕೂಸಿನ ತಲೆ ಬೆನ್ನು ಮುಚ್ಚುವಂಥ ಮೆತ್ತನೆಯ ಕುಂಚಿಗೆ, ಹಳೆಯ ಸೀರೆಯದು. ಕೂಗಿದವಳು ಅತ್ತೆ ಕಲ್ಲವ್ವ. ಬಾಣಂತಿಗೆಂದು ಅಂಟಿನುಂಡಿ ಕಟ್ಟಲು ಕೊಬ್ಬರಿ ತುರಿಯುತ್ತ ಒಳಗೆ ಕೂತಿದ್ದಳು.

"ಬಸರಿ ಹೊಸ್ತಲದಾಗ ಕುಂತ್ರ ಕೂಸು ಹೊರಗ ಬರಾಕ ಅಡ್ಡ ಆಗ್ತೈತಿ. ಎಷ್ಟ ಸಲ ಹೇಳಬೇಕ ನಿನಗ?"

"ಅಡ್ಡ ಹಾಕಾಕ ಈಗ ಬ್ಯಾರೆ ಸಾಮಾನ ಬಂದಾವ ಅತ್ತಿ," ಅನ್ನುತ್ತ ಫಕೀರವ್ವ ಎದ್ದು ಒಳಗೆ ಬಂದು ಗೋಡೆಗೆ ಒರಗಿದಳು.

ಆಸ್ಪತ್ರೆಗೆ ಒಯ್ಯುವ ಚೀಲ ಅಲ್ಲೇ ಬಾಯಿ ತೆರೆದು ನಿಂತಿತ್ತು. ಹರಿದು ತೊಳೆದು ಒಣಗಿಸಿದ ಮೆತ್ತನೆಯ ಅರಿವೆ, ಫ್ಲಾಸ್ಕು, ಒಂದು ಚಾಪೆ. ಚಾಪೆ ನೋಡಿ ಕಲ್ಲವ್ವ ಕೊಬ್ಬರಿ ಕೆಳಗಿಟ್ಟಳು.

"ಚಾಪಿ ಯಾಕ? ಈಗೆಲ್ಲಾರಿಗೂ ಹಾಸಿಗಿ ಕೊಡ್ತಾರ."

"ಇರಲಿ."

"ನಿನ್ನ ಮಾರಿ ನೋಡಿದ್ರ ನನಗ ತಿಳೀತೈತಿ. ಪಟ್ಟಿ ಕಟ್ಟಿಸ್ಕೊಳ್ಳಂಗಿಲ್ಲ ನೀ."

"ಇಲ್ಲ."

"ಮನ್ಯಾಗ ಹಡಿತಿಯೇನು? ಮೊದಲನೇದಕ್ಕ ಹರದ ರಕ್ತ ಮರತೀ? ನಾ ಮರತಿಲ್ಲ. ಆ ವಾರ್ಡಿನ ನೆಲಾ ಎಲ್ಲಾ ನಿನ್ನ ರಕ್ತ. ಬಾಟಲಿ ಮ್ಯಾಲ ಬಾಟಲಿ ಏರಿಸಿ ಉಳಿಸಿದ್ರು. ಇಲ್ಲಿ ನಿನಗ ಏನು ಏರಿಸ್ಲಿ, ಮಜ್ಜಿಗಿ?"

"ಮನ್ಯಾಗ ಯಾಕ ಹಡಿಲಿ? ದವಾಖಾನಿಯಾಗ ಹಡಿತೀನಿ. ಡಾಕ್ಟರೂ ಬೇಕು, ರಕ್ತಾನೂ ಬೇಕು. ಪಟ್ಟಿ ಅಷ್ಟ ಬ್ಯಾಡ."

"ಅದಿಲ್ದ ಆ ಬಾಗಲಾ ತಗಿಯಂಗಿಲ್ಲ."

"ನೋಡೂಣು."

"ಏನ್ ನೋಡ್ತಿ? ಬಾಗಲದ ಕೂಡ ಕುಸ್ತಿ ಹಿಡಿತಿ, ಈ ಹೊಟ್ಟಿ ಹೊತ್ಕೊಂಡು?"

ಮೂಲೆಯಲ್ಲಿ ಉಣ್ಣುತ್ತಿದ್ದ ಯಮನಪ್ಪ, ಫಕೀರವ್ವನ ಗಂಡ, ತಲೆ ಎತ್ತಿದ. ಬಾಡಿಗೆ ಆಟೋ ಓಡಿಸುವವನು, ಜಗಳ ಕಂಡರೆ ಪಕ್ಕದ ಗಲ್ಲಿಗೆ ತಿರುಗಿಸುವವನು. "ಎಲ್ಲಾರೂ ಕಟ್ಟಿಸ್ಕೊಂತಾರಲ್ಲ, ಏನಾಗ್ತೈತಿ?"

"ನೀ ಸುಮ್ಮನ ಉಣ್ಣು," ಕಲ್ಲವ್ವ ಅವನ ಮೇಲೆ ಹರಿಹಾಯ್ದಳು. "ನಿನಗೇನು ಪಟ್ಟಿ ಕಟ್ತಾರ? ಒಂದಿನಾ ಮೂತ್ರ ತಡದು ನೋಡು, ಆಮ್ಯಾಲ ಮಾತಾಡು."

ಫಕೀರವ್ವ ನಕ್ಕಳು. ನಗುವಿನ ನಡುವೆ ಹೊಟ್ಟೆಯಲ್ಲಿ ಕೂಸು ಒದೆಯಿತು, ಕೈ ಇಟ್ಟುಕೊಂಡಳು.

"ಅತ್ತಿ, ಮೊದಲನೇದು ನೆಲದ ಮ್ಯಾಲ ಹಡದ್ನಿ. ನನ್ನ ಎಡಕ್ಕೊಬ್ಬಾಕಿ, ಬಲಕ್ಕೊಬ್ಬಾಕಿ. ಹೊಲಸು ಇತ್ತು, ಗದ್ದಲ ಇತ್ತು. ಆದ್ರ ನನ್ನ ರಕ್ತ ಹರದಾಗ ಎಲ್ಲಾರಿಗೂ ಕಂಡ್ತು. ಎಸ್ತರ್ ಸಿಸ್ಟರ್ ಕಾಲಿಗೆ ಅದು ಹತ್ತಿತು, ಓಡಿ ಬಂದ್ರು. ಹುಲಿಗೆಮ್ಮ ಎಲ್ಲಿ ಕುಂತಿದ್ಲು ಗೊತ್ತೇನು? ಅದ ಬಾಗಲದ ಈಚಿಗೆ. ಗಾಜಿನ್ಯಾಗಿಂದ ಒಳಗಿನ ನೆಲಾ ಕಾಣತಿತ್ತಂತ ಆಕಿಗೆ. ಥಳಥಳ ಹೊಳೀತಿತ್ತಂತ."

ಕಲ್ಲವ್ವ ಮತ್ತೆ ಕೊಬ್ಬರಿ ಎತ್ತಿಕೊಂಡು ತುರಿದಳು. ತುರಿ ಸಾಕಷ್ಟಾದ ಮೇಲೂ ತುರಿದಳು.

"ನೀ ಸತ್ರ," ಕೊನೆಗೆ ಅಂದಳು, "ನಾ ಯಾರ ಕೂಡ ಜಗಳಾ ಆಡ್ಲಿ?"

ಫಕೀರವ್ವ ಕುಂಚಿಗೆ ಮಡಚಿ ಚೀಲಕ್ಕೆ ಹಾಕಿದಳು. ಅದರ ಕೆಳಗೆ ಹುಲಿಗೆಮ್ಮನ ಪಟ್ಟಿಯಿಂದ ತೆಗೆದ ಕೆಂಪು ದಾರ ಇತ್ತು. ಅದನ್ನು ಕಲ್ಲವ್ವ ನೋಡಿದ್ದಳು. ಸತ್ತ ಕೂಸಿನ ಸಾಮಾನು ಬಸುರಿಯ ಚೀಲದಲ್ಲಿ ಇರಬಾರದು ಅನ್ನುವವಳೇ ಅವಳು. ಆದರೆ ತೆಗೆದು ಹಾಕಿರಲಿಲ್ಲ.

*

ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ. 'ತಾಳುವವಳೇ ತಾಯಿ' ಎಂದು ದೊಡ್ಡ ಬ್ಯಾನರು. ಅದರ ಕೆಳಗೆ ಜಮಖಾನದ ಮೇಲೆ ಒಂಬತ್ತು ತಿಂಗಳು ತುಂಬುತ್ತಿರುವ ಬಸುರಿಯರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬಳಿಗೂ ಒಂದು ತಾಟು: ಕುಬಸದ ಖಣ, ಹಸಿರು ಬಳೆ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಅಕ್ಕಿ. ಎಲ್ಲದರ ಮೇಲೆ ಸುತ್ತಿಟ್ಟ ಪಟ್ಟಿ.

ಪಟ್ಟಿಯನ್ನು ಬರಿಗೈಯಲ್ಲಿ ಕೊಟ್ಟಿದ್ದರೆ ಯಾವಳಾದರೂ ಬೇಡ ಅಂದಾಳು. ಉಡಿಯಲ್ಲಿ, ಸೆರಗಿನ ಮಡಿಲಲ್ಲಿ, ಇಟ್ಟರೆ ಅನ್ನಲಾರಳು. ನಮ್ಮ ಸೀಮೆಯ ಹೆಣ್ಣು ತವರಿನವರ ಮೇಲೆ ಸಿಟ್ಟು ಮಾಡಿಕೊಂಡರೂ ಉಡಿ ಬೇಡ ಅನ್ನುವುದಿಲ್ಲ. ವೈರಿಯ ಮನೆಯಲ್ಲೂ ಸೆರಗು ಒಡ್ಡುತ್ತಾಳೆ. ಯಾರೋ ಬಲ್ಲವರು ರಾಜಧಾನಿಯಲ್ಲಿ ಕೂತು ಇದನ್ನು ಯೋಚಿಸಿದ್ದರು. ನಮ್ಮ ಅವ್ವಂದಿರ ಕೈಯಿಂದ ಅಕ್ಕಿ ಕಸಿದು, ಆ ಅಕ್ಕಿಯ ಮೇಲೆ ಬೀಗ ಇಟ್ಟು ನಮಗೇ ಕೊಡುವುದನ್ನು.

ಶಾಮಿಯಾನದ ಹೊರಗೆ ಬಿಸಿಲಲ್ಲಿ ಇಬ್ಬರು ನಿಂತಿದ್ದರು. ಕಲ್ಲವ್ವ ಗಂಡ ಸತ್ತವಳು, ಹುಲಿಗೆಮ್ಮ ಕೂಸು ಸತ್ತವಳು. ಉಡಿ ತುಂಬುವ ಕಡೆ ಇಬ್ಬರಿಗೂ ಜಾಗವಿಲ್ಲ.

ಹಂಚಿನಾಳ ಮೈಕಿನಲ್ಲಿ ಮಾತಾಡಿದರು. ದಾದಿಯರು ಆರತಿ ಮಾಡಿದರು. ಎಸ್ತರ್ ಸಿಸ್ಟರ್ ತಾಟು ಹಿಡಿದು ಸಾಲಿನ ಒಂದು ತುದಿಯಿಂದ ಬಂದಳು. ಸೆರಗು ಒಡ್ಡಿಸಿ ಉಡಿ ತುಂಬುವುದು, ಪಟ್ಟಿ ತೆಗೆದು ಹೊಟ್ಟೆಗೆ ಸುತ್ತಿ ಬೆನ್ನ ಹಿಂದೆ ಬಿಗಿಯುವುದು. ಬಿಗಿದಾಗ ಪ್ರತಿ ಸಲವೂ ಕಟ್ಟೆಂಬ ಸದ್ದು. ಫಕೀರವ್ವ ಚೀಲ ಪಕ್ಕದಲ್ಲಿಟ್ಟುಕೊಂಡು ಆ ಸದ್ದು ಹತ್ತಿರವಾಗುವುದನ್ನು ಕೇಳುತ್ತ ಕೂತಿದ್ದಳು. ಬೆಳಗ್ಗಿನಿಂದಲೇ ಅವಳ ಸೊಂಟದಲ್ಲಿ ಒಂದು ನೋವು ಬಂದು ಬಂದು ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

"ಉಡಿ ಒಡ್ಡವಾ," ಎಸ್ತರ್ ಮುಂದೆ ನಿಂತಳು.

ಫಕೀರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಕ್ಕಿ ಕೊಡ್ರಿ ಸಿಸ್ಟರ್, ತಗೋತೀನಿ. ಬಳಿ ಕೊಡ್ರಿ, ತೊಡತೀನಿ. ಪಟ್ಟಿ ತಗದು ಕೊಡ್ರಿ."

"ತಾಟಿನ್ಯಾಗಿಂದು ಎಲ್ಲಾ ಒಂದ ಐತೆವ್ವಾ."

"ಹಂಗಾದ್ರ ಒಂದೂ ಬ್ಯಾಡ."

ಪಕ್ಕದಲ್ಲಿ ಕೂತಿದ್ದ ಹುಡುಗಿ ಹೌಹಾರಿ ಅವಳ ಕೈ ಹಿಡಿದಳು. "ಅಕ್ಕಾರ, ಉಡಿ ಬ್ಯಾಡ ಅನ್ನಬಾರ್ದ್ರಿ!"

"ಇದು ಉಡಿ ಅಲ್ಲ ತಂಗಿ." ಫಕೀರವ್ವ ಮುಂಗೈ ಎತ್ತಿದಳು. ಹಳೆಯ ಹಸಿರು ಬಳೆಗಳ ನಡುವೆ ಕೆಂಪು ದಾರ ಸುತ್ತಿತ್ತು, ಉಂಗುರ ಜೋತಾಡುತ್ತಿತ್ತು. "ಇದನ್ನ ನೋಡು. ನಿನ್ನ ಪಟ್ಟಿಯೊಳಗೂ ಇಂಥಾದ ಐತಿ. ಜೀವಕ್ಕ ಬಂದ್ರ ಜಗ್ಗಿ ಬಿಚ್ಚಾಕಂತ ಇಟ್ಟದ್ದು. ಅದು ಹೊರಗ ಬರೂ ಬಾಯಿ ಮುಚ್ಚಿ ಹೊಲದಾಕಿ ನಾನ. ಹೊಲಿಸ್ದಾಂವ ಹೊರಗ ಬರಾವಲ್ಲ. ಹುಲಿಗೆಮ್ಮ ಹೊರಗ ನಿಂತಾಳ, ಆಕಿ ಉಗುರು ನೋಡ್ಕೊಂಡು ಬರ್ರಿ, ಆಮ್ಯಾಲ ಕಟ್ಟಿಸ್ಕೊಳ್ರಿ."

ಹೆಂಗಸರ ಕೈ ತಂತಮ್ಮ ಹೊಕ್ಕಳಿನ ಕಡೆ ಹೋಯಿತು. ಅಲ್ಲಿ ನೆಟ್ಟಗಿನ ಡಬಲ್ ಹೊಲಿಗೆ. ಅದರ ಕೆಳಗೆ, ಹೌದು, ಏನೋ ಒಂದು ಗಂಟಾಗಿ ಸಿಗುತ್ತಿತ್ತು.

ಹಂಚಿನಾಳ ವೇದಿಕೆಯಿಂದ ಇಳಿದು ಬಂದರು. "ಏನವಾ ಇದು? ಪಟ್ಟಿ ನಿನ್ನ ಒಳ್ಳೇದಕ್ಕ ಐತಿ. ನಿನ್ನ ಕೂಸಿನ ನಾಡಿ ಹಗಲೂ ರಾತ್ರಿ ನೋಡ್ತೈತಿ ಅದು."

"ಇಲ್ರಿ ಸರ್."

ಅಂದವಳು ಫಕೀರವ್ವ ಅಲ್ಲ. ಎಸ್ತರ್. ಅವಳು ತಾಟನ್ನು ಜಮಖಾನದ ಮೇಲೆ ಇಟ್ಟಳು. "ಹುಲಿಗೆಮ್ಮಂದು ನೋಡಲಿಲ್ಲಲ್ರಿ. ಕೂಸು ಹೋದ ಮ್ಯಾಲ ಆಕಿ ನಾಡೀನ ಕೂಸಿಂದು ಅಂತ ತೋರಿಸ್ತು. ನಾವು ಇಬ್ರೂ ನೋಡೀವಿ."

ಶಾಮಿಯಾನದ ಹೊರಗಿಂದ ಒಂದು ಕೂಗು ಎದ್ದಿತು. ಹುಲಿಗೆಮ್ಮನ ಕೂಗು. ಅತ್ತದ್ದಲ್ಲ, ಬೈದದ್ದೂ ಅಲ್ಲ. ಆವತ್ತು ಹೆರುವಾಗ ಕೂಗಲು ಬಿಡದೆ ಪಟ್ಟಿ ಅಡಗಿಸಿಟ್ಟದ್ದು ಈಗ ಹೊರಬಂತು.

ಅದೇ ಹೊತ್ತಿಗೆ ಫಕೀರವ್ವನ ಬ್ಯಾನಿ ಎದ್ದಿತು. ಅವಳು ಹುಡುಗಿಯ ಹೆಗಲು ಹಿಡಿದು ಎದ್ದಳು. ಕಾಲ ಮೇಲೆ ಬೆಚ್ಚಗೆ ನೀರಿಳಿಯಿತು. ಚೀಲ ಎತ್ತಿಕೊಂಡು ವಾರ್ಡಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ, ತಡೆಯುವ ಕೆಲಸ ಬಾಗಿಲಿನದು ಅಂತ ಎಲ್ಲರಿಗೂ ಗೊತ್ತಿತ್ತು. ಬೆಂಚಿನ ಮೇಲೆ ಹಳದಿ ದೀಪದ ಹೆಂಗಸರು ಕೂತಿದ್ದರು. ಫಕೀರವ್ವ ಗಾಜಿನ ಮುಂದೆ ನಿಂತಳು. ಗಾಜು ಅಲುಗಲಿಲ್ಲ.

ಬೆಂಚಿನಿಂದ ಒಬ್ಬಳು ಎದ್ದಳು. ಕಾರ್ಯಕ್ರಮಕ್ಕೆ ಇಳಿಯುವ ಮೊದಲೇ ಹಂಚಿನಾಳ ಹೆಬ್ಬೆಟ್ಟು ಒತ್ತಿಟ್ಟಿದ್ದರು, ಹಾಸಿಗೆ ಖಾಲಿಯಾಗಿ ಅವಳ ದೀಪ ಆಗಷ್ಟೇ ಹಸಿರಾಗಿತ್ತು. ಬಾಗಿಲು ಪಕ್ಕಕ್ಕೆ ಸರಿಯಿತು, ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳಲು ಹೊರಟಾಗ ಅದರ ದಾರಿಯಲ್ಲಿ ಫಕೀರವ್ವ ಕೂತಿದ್ದಳು. ಹೊಸ್ತಿಲ ಮೇಲೆ, ಚಾಪೆ ಹಾಸಿಕೊಂಡು. ಗಾಜು ಬಂದು ಅವಳ ಭುಜಕ್ಕೆ ತಾಕಿತು, ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಮನುಷ್ಯರನ್ನು ಜಜ್ಜಬಾರದು ಅಂತ ಅದನ್ನು ಮಾಡಿದವರು ಅದಕ್ಕೆ ಕಲಿಸಿದ್ದರು. ಅಷ್ಟನ್ನಾದರೂ ಕಲಿಸಿದ್ದರು.

ಹಂಚಿನಾಳ ಓಡಿ ಬಂದರು, ಹಿಂದೆ ಶಾಮಿಯಾನವೇ ಬಂತು. ಕಲ್ಲವ್ವ ಎಲ್ಲರನ್ನೂ ಮೊಣಕೈಯಿಂದ ನೂಕಿ ಮುಂದೆ ಬಂದು ಸೊಸೆಯನ್ನು ನೋಡಿದಳು.

"ಹೊಸ್ತಲ ಮ್ಯಾಲ ಕುಂತೀ," ಅಂದಳು.

"ಹೂಂ ಅತ್ತಿ."

"ಸರೀ ಅತ್ತಾಗ," ಅಂದು ಕಲ್ಲವ್ವ ತಾನೂ ಪಕ್ಕದಲ್ಲಿ ಕೂತಳು. ಈಗ ಬಾಗಿಲು ಇನ್ನಷ್ಟು ದೂರದಲ್ಲೇ ನಿಂತುಬಿಟ್ಟಿತು.

"ಸಿಸ್ಟರ್, ಎಬ್ಬಸ್ರಿ ಆಕೀನ್ನ!"

ಎಸ್ತರ್ ಮೊಣಕಾಲೂರಿ ಕೂತಳು. ಎಬ್ಬಿಸಲು ಅಲ್ಲ. ಏಪ್ರನ್ ಜೇಬಿನಿಂದ ಕೂಸಿನ ನಾಡಿ ಕೇಳುವ ಹಳೆಯ ಮರದ ಕೊಳವೆ ತೆಗೆದು ಫಕೀರವ್ವನ ಹೊಟ್ಟೆಯ ಮೇಲಿಟ್ಟು ಕಿವಿ ಹಚ್ಚಿದಳು. ಇನ್ನೊಂದು ಕೈಯಿಂದ ಅವಳ ಮುಂಗೈ ನಾಡಿ ಹಿಡಿದಳು. "ಎರಡೂ ಬ್ಯಾರೆ ಬ್ಯಾರೆ ಅದಾವು," ಅಂದಳು. "ಕೂಸಿಂದು ಗಟ್ಟಿ ಐತಿ." ಆಮೇಲೆ ತಲೆ ಎತ್ತದೆಯೇ ಒಳಗಿನ ದಾದಿಯನ್ನು ಕೂಗಿದಳು: "ಈಕಿಗೆ ರಕ್ತ ಬೇಕಾಗ್ತೈತಿ, ತರಸಿಡ್ರಿ."

"ಹಾಸಿಗಿ ಇಲ್ಲ!" ಹಂಚಿನಾಳರ ದನಿ ಒಡೆದಿತ್ತು. ಅದು ಸುಳ್ಳೂ ಆಗಿರಲಿಲ್ಲ. "ಒಳಗ ಒಂದೂ ಹಾಸಿಗಿ ಖಾಲಿ ಇಲ್ಲವಾ, ತಿಳ್ಕೊ!"

"ಹಾಸಿಗಿ ಇಲ್ಲಂದ್ರ ನೆಲಾ ಐತಿ," ಹುಲಿಗೆಮ್ಮ ಗುಂಪಿನ ಹಿಂದಿನಿಂದ ಅಂದಳು. "ಫೋಟೋ ತಗಿಯಾಕ ಮ್ಯಾಲಿನ ಸಾಹೇಬ್ರನ್ನ ಕರಸ್ರಿ. ಎಷ್ಟು ಮಂದಿ ನೆಲದ ಮ್ಯಾಲ ಅದೀವಿ ಅಂತ ಎಣಸ್ಕೊಂಡು ಹೋಗ್ಲಿ."

ಬೆಂಚಿನ ಮೇಲಿದ್ದ ಹಳದಿ ದೀಪದವಳೊಬ್ಬಳು ತೆರೆದ ಬಾಗಿಲನ್ನೂ, ಒಳಗಿನ ಹೊಳೆಯುವ ನೆಲವನ್ನೂ ನೋಡಿದಳು. ಕೆಂಪು ದಾರದ ಸುದ್ದಿ ಅಷ್ಟರಲ್ಲಿ ಬೆಂಚಿಗೂ ಮುಟ್ಟಿತ್ತು. ಅವಳು ಮೆಲ್ಲಗೆ ಹುಲಿಗೆಮ್ಮನ ಕಡೆ ತಿರುಗಿ, "ಹೊಲಿಗಿ ಬಿಚ್ಚೂ ಕಡ್ಡಿ ಐತೇನ್ರಿ ಅಕ್ಕಾರ?" ಅಂತ ಕೇಳಿದಳು.

ಹಂಚಿನಾಳ ಫಕೀರವ್ವನ ಮುಂದೆ ಬಗ್ಗಿದರು. ಅವರ ಕೈಯಲ್ಲಿ ಅವಳ ತಾಟಿನ ಪಟ್ಟಿ ಇತ್ತು. "ಕಡೀ ಸಲ ಹೇಳ್ತೀನಿ. ಇದನ್ನ ಕಟ್ಟಿಸ್ಕೊಂಡು ಬೆಂಚಿನ ಮ್ಯಾಲ ಕುಂದ್ರು. ಇಲ್ಲಂದ್ರ ಎದ್ದು ಗೇಟಿನ ಹೊರಗ ಹೋಗು."

ಫಕೀರವ್ವ ಬೆರಳೆತ್ತಿ ತಾಳಲು ಹೇಳಿದಳು. ಬ್ಯಾನಿ ಬರುತ್ತಿತ್ತು. ಯಾವ ಎಳೆಯೂ ಅದರ ಎದುರು ನಿಲ್ಲಲಿಲ್ಲ. ಅದು ಬೆನ್ನಿನಿಂದ ಎದ್ದು, ಹೊಟ್ಟೆಯನ್ನೆಲ್ಲ ಕಲ್ಲು ಮಾಡಿ, ಪೂರ್ತಿ ಬಂದು, ಪೂರ್ತಿ ಹೋಯಿತು. ಅವಳು ಜೋರಾಗಿ ಕೂಗಿದಳು. ಒಳಗಿನ ವಾರ್ಡಿಗೂ ಹೊರಗಿನ ಅಂಗಳಕ್ಕೂ ಕೇಳಿಸಿತು. ಆಮೇಲೆ ಅತ್ತೆಯ ಸೆರಗಿನಿಂದ ಮುಖ ಒರೆಸಿಕೊಂಡು ಡಾಕ್ಟರನ್ನು ನೋಡಿದಳು.

"ಕಟ್ಟಿಸ್ಕೊಳ್ಳಂಗಿಲ್ರಿ," ಅಂದಳು. "ಹೋಗಂಗೂ ಇಲ್ಲ."